ಸಂಕ್ರಾಂತಿಗೆ ಕೈಯಿಂದ ಮಾಡುವ ಶುಭಾಶಯ ಪತ್ರ: ಒತ್ತಿದ ಹೂವು ಕಂದಾಗುವುದೇಕೆ, ಹೊಸ ವಿನ್ಯಾಸವನ್ನು ಎಲ್ಲಿ ಹುಡುಕಬೇಕು?

ಅಂಗಳದ ತುಳಸಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ಹೊಸವರ್ಷಕ್ಕೂ ಸಂಕ್ರಾಂತಿಗೂ ಸೇರಿ ಒಂದೇ ಶುಭಾಶಯ ಪತ್ರವನ್ನು ಕೈಯಿಂದಲೇ ಮಾಡಿ, ಬಂಧುಗಳಿಗೂ ಹಳೆಯ ಸಹೋದ್ಯೋಗಿಗಳಿಗೂ ಅಂಚೆಯಲ್ಲಿ ಕಳುಹಿಸುವ ಅಭ್ಯಾಸವನ್ನು ಮೂರು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಕಳೆದ ಬಾರಿ ಮೂವತ್ತಾರು ಪತ್ರಗಳನ್ನು ಮಾಡಿದೆ. ಅಂಗಳದ ಗುಲಾಬಿ, ದಾಸವಾಳ ಮತ್ತು ಶಂಖಪುಷ್ಪದ ಹೂಗಳನ್ನು ಹಳೆಯ ದಪ್ಪ ಪುಸ್ತಕದೊಳಗೆ ನಾಲ್ಕು ದಿನ ಇಟ್ಟು ಒಣಗಿಸಿ, ಬಿಳಿ ಗೋಂದಿನಿಂದ ಅಂಟಿಸಿದ್ದೆ. ಮನೆಯಿಂದ ಹೊರಡುವಾಗ ಚೆನ್ನಾಗಿಯೇ ಇದ್ದವು. ಆದರೆ ಧಾರವಾಡದ ಅತ್ತೆಯವರು ಫೋನಿನಲ್ಲಿ, "ಕಾರ್ಡು ಬಂತು ಕಣಮ್ಮ, ದಾಸವಾಳದ ಮೇಲೆ ಬೂಷ್ಟು ಹಿಡಿದಿದೆ, ಒರೆಸಿ ಇಟ್ಟಿದ್ದೇನೆ" ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಲಾಬಿಯ ಎಸಳುಗಳು ಚಹಾದ ಕಲೆಯಂತೆ ಕಂದಾಗಿದ್ದವಂತೆ. ಮೆಲ್ಬರ್ನಿನಲ್ಲಿರುವ ತಮ್ಮನಿಗೆ ಕಳುಹಿಸಿದ್ದು ಅವನ ಕೈ ಸೇರಲೇ ಇಲ್ಲ.

ಇದು ಕೈಕೆಲಸದ ತೊಂದರೆ. ನನಗೆ ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಇನ್ನೊಂದು. ಚಿತ್ರ ಬರೆಯಲು ಕುಳಿತರೆ ಕೈ ತಾನಾಗಿಯೇ ಹಿಮ, ದೇವದಾರು, ಕೆಂಪು ಹಣ್ಣಿನ ಗೊಂಚಲುಗಳ ಕಡೆಗೆ ಹೋಗುತ್ತದೆ. ನಾನು ಹಿಮವನ್ನು ಕಂಡವಳೇ ಅಲ್ಲ. ಅದನ್ನು ಬಿಟ್ಟರೆ ಕಬ್ಬು, ಎಳ್ಳುಬೆಲ್ಲದ ತಟ್ಟೆ, ಗಾಳಿಪಟ ಎಂಬ ಸಿದ್ಧ ಅಚ್ಚು. ನಮ್ಮ ಮಾರ್ಗಶಿರ–ಪುಷ್ಯದ ದಿನಗಳಲ್ಲಿ ಸುತ್ತಲಿನ ಪ್ರಕೃತಿಯಲ್ಲಿ ಏನನ್ನು ನೋಡಬೇಕು, ನೋಡಿದ್ದನ್ನು ಕಾಗದದ ಮೇಲೆ ಬಹುಕಾಲ ಉಳಿಯುವಂತೆ ತರುವುದು ಹೇಗೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಈ ಸಲ ಮೂವತ್ತು ಪತ್ರಗಳು ಸಾಕು, ಆದರೆ ಅವು ಫೆಬ್ರವರಿಯಲ್ಲೂ ನೋಡುವ ಹಾಗಿರಬೇಕು.

ಜರೀಗಿಡ (ತೀರ್ಥಹಳ್ಳಿ, ನಿವೃತ್ತ ಜೀವಶಾಸ್ತ್ರ ಅಧ್ಯಾಪಕ):

ತುಳಸಿಯವರೇ, ತಪ್ಪು ನಿಮ್ಮ ಕೈಯದಲ್ಲ, ಹೂವಿನ ಆಯ್ಕೆಯದು. ದಾಸವಾಳದ ಎಸಳಿನಲ್ಲಿ ಲೋಳೆ ಮತ್ತು ನೀರು ಎರಡೂ ಹೆಚ್ಚು. ನಾಲ್ಕು ದಿನಗಳಲ್ಲಿ ಮೇಲ್ಮೈ ಒಣಗಿದಂತೆ ಕಂಡರೂ ತೊಟ್ಟಿನ ಬುಡದಲ್ಲಿ ತೇವ ಹಾಗೆಯೇ ಇರುತ್ತದೆ, ಅದನ್ನು ಲಕೋಟೆಯೊಳಗೆ ಮುಚ್ಚಿಟ್ಟರೆ ಬೂಷ್ಟು ಬರದೆ ಇನ್ನೇನು? ಶಂಖಪುಷ್ಪದ ನೀಲಿ ಮತ್ತು ಗುಲಾಬಿಯ ಕೆಂಪು ಬೆಳಕಿಗೂ ಹುಳಿ–ಕ್ಷಾರಗಳಿಗೂ ಬೇಗನೆ ಮಾರ್ಪಡುವ ಬಣ್ಣಗಳು. ಶಂಖಪುಷ್ಪದ ಕಷಾಯಕ್ಕೆ ನಿಂಬೆರಸ ಹಿಂಡಿದರೆ ನೇರಳೆಯಾಗುವುದನ್ನು ಮಕ್ಕಳಿಗೆ ತರಗತಿಯಲ್ಲಿ ತೋರಿಸುತ್ತಿದ್ದೆ. ಅಷ್ಟು ಚಂಚಲವಾದ ಬಣ್ಣವನ್ನು ನಂಬಿ ಶುಭಾಶಯ ಪತ್ರ ಮಾಡಲಾಗದು.

ಒತ್ತುವುದಕ್ಕೆ ತೆಳುವಾದ, ನೀರು ಕಡಿಮೆಯಿರುವ ವಸ್ತುಗಳನ್ನು ಆರಿಸಿಕೊಳ್ಳಿ. ಕಾಗದದ ಹೂವಿನ (ಬೋಗನ್‌ವಿಲ್ಲಾ) ಎಸಳಿನಂತೆ ಕಾಣುವ ಬಣ್ಣದ ಎಲೆಗಳು, ಹುಚ್ಚೆಳ್ಳಿನ ಹಳದಿ ಹೂ, ಬಿಡಿಸಿದ ಚೆಂಡುಹೂವಿನ ಎಸಳು, ಹುಲ್ಲಿನ ತೆನೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಜರೀಗಿಡದ ಎಲೆಗಳು ಚೆನ್ನಾಗಿ ಒಣಗುತ್ತವೆ. ನುಣುಪು ಕಾಗದದ ಪುಸ್ತಕ ಬೇಡ, ಅದು ತೇವವನ್ನು ಹೀರುವುದಿಲ್ಲ. ಎಲೆಯ ಮೇಲೂ ಕೆಳಗೂ ನಾಲ್ಕು ನಾಲ್ಕು ಹಾಳೆ ದಿನಪತ್ರಿಕೆಯಿಟ್ಟು, ಮೇಲೆ ಒಂದು ಮಣೆ, ಮಣೆಯ ಮೇಲೆ ರುಬ್ಬುಗುಂಡನ್ನು ಹೇರಿ. ಮೊದಲ ಮೂರು ದಿನ ಪ್ರತಿದಿನವೂ ಪತ್ರಿಕೆಯನ್ನು ಬದಲಾಯಿಸಿ, ಆಮೇಲೆ ಒಂದು ವಾರ ಅಲುಗಿಸದೆ ಬಿಡಿ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಕೆನ್ನೆಗೆ ತಾಗಿಸಿ ನೋಡಬೇಕು. ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ.

ಇನ್ನು ಏನನ್ನು ನೋಡಬೇಕು ಎಂಬ ಪ್ರಶ್ನೆ. ನಮ್ಮ ಕಡೆ ರಸ್ತೆಗಾಗಿ ಕಡಿದ ಗುಡ್ಡದ ತೇವದ ಬದಿಗಳಲ್ಲಿ ಒಂದು ಜರೀಗಿಡ ಬೆಳೆಯುತ್ತದೆ. ಮೇಲಿಂದ ನೋಡಿದರೆ ಸಾಧಾರಣ ಹಸಿರು, ಮಗುಚಿದರೆ ಸುಣ್ಣ ಬಳಿದಂತೆ ಬೆಳ್ಳಿಯ ಪುಡಿ. ಶಾಲೆಗೆ ನಡೆದು ಹೋಗುತ್ತಿದ್ದಾಗ ನಾವು ಅದನ್ನು ಕಿತ್ತು ಮುಂಗೈಯ ಮೇಲಿಟ್ಟು ಪಟ್ಟೆಂದು ಹೊಡೆದರೆ, ಎಲೆಯ ಒಂದೊಂದು ಹಲ್ಲೂ ಸ್ಪಷ್ಟವಾಗಿ ಕಾಣುವ ಬಿಳಿಯ ಹಚ್ಚೆ ಮೂಡುತ್ತಿತ್ತು. ಅದನ್ನೇ ಕಪ್ಪು ಅಥವಾ ಕಡುಗೆಂಪು ಕಾಗದದ ಮೇಲಿಟ್ಟು, ಮೇಲೊಂದು ಹಾಳೆ ಹೊದಿಸಿ, ಅಂಗೈಯಿಂದ ಒಮ್ಮೆ ಬಲವಾಗಿ ಒತ್ತಿ ನೇರವಾಗಿ ಮೇಲಕ್ಕೆತ್ತಿರಿ. ಎಳೆದರೆ ಕೆಡುತ್ತದೆ. ಒಂದು ಎಲೆಯಿಂದ ಒಂದೇ ಒಳ್ಳೆಯ ಅಚ್ಚು ಸಿಗುವುದು, ಎರಡನೆಯದು ಮಸುಕು. ಪುಡಿ ಉದುರದಂತೆ ಚಿತ್ರಕಾರರು ಇದ್ದಿಲ ಚಿತ್ರಗಳಿಗೆ ಸಿಂಪಡಿಸುವ ದ್ರಾವಣವನ್ನು ದೂರದಿಂದ ತೆಳ್ಳಗೆ ಹೊಡೆಯಬೇಕಾಗುತ್ತದೆ. ನಿಮಗೆ ಹಿಮದ ಬಿಳುಪು ಬೇಕೇ ಬೇಕೆನಿಸಿದರೆ, ನಮ್ಮ ಮಲೆನಾಡಿನಲ್ಲಿ ಅದು ಎಲೆಯ ಬೆನ್ನಿನಲ್ಲಿದೆ.

ಎಲೆಯಚ್ಚು (ಬೆಂಗಳೂರು):

ಮೇಷ್ಟ್ರ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಅಂಚೆಯಲ್ಲಿ ಹೋಗುವ ಪತ್ರಕ್ಕೆ ಒಣಗಿದ ಹೂವು ಎಲೆಗಳನ್ನು ಅಂಟಿಸುವುದನ್ನೇ ಬಿಡುವುದು ಲೇಸು. ಎಷ್ಟೇ ಚೆನ್ನಾಗಿ ಒಣಗಿಸಿದರೂ ಠಸ್ಸೆ ಬೀಳುವಾಗ, ಕಟ್ಟು ಕಟ್ಟುವಾಗ, ಚೀಲದಲ್ಲಿ ಬೀಳುವಾಗ ಅವು ಪುಡಿಯಾಗುತ್ತವೆ. ಎಲೆ ನಮ್ಮ ಬಳಿ ಉಳಿಯಲಿ, ಅದರ ಗುರುತು ಮಾತ್ರ ಪ್ರಯಾಣ ಮಾಡಲಿ ಎಂಬುದು ನಾನು ಹತ್ತು ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿ.

ಅಚ್ಚು ಹಾಕುವಾಗ ಎಲೆಯ ಕೆಳಮೈಗೆ ಬಣ್ಣ ಹಚ್ಚಬೇಕು, ಏಕೆಂದರೆ ನರಗಳು ಉಬ್ಬಿರುವುದು ಅಲ್ಲಿಯೇ. ಕುಂಚದಿಂದ ಬಳಿದರೆ ಬಣ್ಣ ನರಗಳ ನಡುವಿನ ತಗ್ಗಿನಲ್ಲಿ ತುಂಬಿಕೊಂಡು ಅಚ್ಚು ಮೆತ್ತಿಕೊಳ್ಳುತ್ತದೆ. ಸ್ಪಂಜಿನ ಚೂರನ್ನು ಬಣ್ಣಕ್ಕೆ ಅದ್ದಿ, ಹಳೆಯ ಕಾಗದದ ಮೇಲೆ ಒಂದೆರಡು ಬಾರಿ ತಟ್ಟಿ, ಉಳಿದ ಅರೆತೇವದಿಂದ ಎಲೆಯನ್ನು ತಟ್ಟಿರಿ. ಪೋಸ್ಟರ್ ಬಣ್ಣ ಬೇಗ ಒಣಗುವುದರಿಂದ ಅದಕ್ಕೆ ಎರಡು ಹನಿ ಗ್ಲಿಸರಿನ್ ಬೆರೆಸಿದರೆ ಅಚ್ಚೊತ್ತುವಷ್ಟು ಹೊತ್ತು ಹಸಿಯಾಗಿರುತ್ತದೆ. ಎಲೆಯನ್ನು ಕಾಗದದ ಮೇಲಿಟ್ಟು, ಇನ್ನೊಂದು ಹಾಳೆ ಮುಚ್ಚಿ, ಚಮಚದ ಬೆನ್ನಿನಿಂದ ನಡುನರದಿಂದ ಅಂಚಿನ ಕಡೆಗೆ ಉಜ್ಜುತ್ತಾ ಹೋಗಿ. ಅರಳಿಯ ಎಲೆ ಎಲ್ಲರಿಗೂ ಪ್ರಿಯ, ಆದರೆ ಹಲಸಿನ ಎಲೆ ಮತ್ತು ಸೀಬೆಯ ಎಲೆ ಕೊಡುವ ಅಚ್ಚು ಹೆಚ್ಚು ಗಟ್ಟಿ. ಸೀಬೆಯ ಎಲೆಯ ಪಕ್ಕದ ನರಗಳು ಬಾಚಣಿಗೆಯ ಹಲ್ಲಿನಂತೆ ಸಮಾನ ಅಂತರದಲ್ಲಿ ಬರುತ್ತವೆ.

ಹಬ್ಬದ ಅಡುಗೆಮನೆಯನ್ನೂ ಮರೆಯಬೇಡಿ. ಬಾಳೆ ಎಲೆಯನ್ನು ಕತ್ತರಿಸಿದ ಮೇಲೆ ಎಸೆಯುವ ದಪ್ಪ ದಂಟನ್ನು ಅಡ್ಡಲಾಗಿ ಕೊಯ್ದು ನೋಡಿ. ಅರ್ಧಚಂದ್ರಾಕಾರದ ಒಳಗೆ ಜಾಲರಿಯಂತಹ ಗೂಡುಗಳಿರುತ್ತವೆ. ಅದನ್ನು ಬಣ್ಣಕ್ಕೊತ್ತಿ ಒಂದರ ಮೇಲೊಂದು ಸರಿಸಿ ಅಚ್ಚು ಹಾಕಿದರೆ ಮೀನಿನ ಪೊರೆಯಂತೆಯೂ ಕಾಣುತ್ತದೆ, ಬೆಟ್ಟಗಳ ಸಾಲಿನಂತೆಯೂ ಕಾಣುತ್ತದೆ. ಬೆಂಡೆಕಾಯಿಯ ಅಚ್ಚನ್ನು ಎಲ್ಲರೂ ಶಾಲೆಯಲ್ಲಿ ಮಾಡಿದ್ದೇವೆ, ಅದರ ಬಗ್ಗೆ ಹೇಳಬೇಕಾದ್ದಿಲ್ಲ.

ಕಾಗದದ ಬಗ್ಗೆ ಒಂದು ಲೆಕ್ಕ. ಸಾಮಾನ್ಯ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿಯ ಅಂಚೆಚೀಟಿ ಸಾಕು. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಪೂರ್ತಿ ಎ4 ಹಾಳೆಯನ್ನು ಮಡಚಿದರೆ ಅದೊಂದೇ ಸುಮಾರು 19 ಗ್ರಾಂ ತೂಗುತ್ತದೆ, ಲಕೋಟೆ ಸೇರಿದರೆ ಮಿತಿ ದಾಟುತ್ತದೆ. ಅದೇ ಹಾಳೆಯನ್ನು ಎರಡಾಗಿ ಕತ್ತರಿಸಿ ಮಡಚಿದರೆ ಒಂದೊಂದೂ ಹತ್ತು ಗ್ರಾಂನೊಳಗೆ ಬರುತ್ತದೆ. ಮೂವತ್ತು ಪತ್ರಗಳಿಗೆ ಹದಿನೈದು ಹಾಳೆ, ಕೆಟ್ಟುಹೋಗುವುದಕ್ಕೆಂದು ಇನ್ನೂ ಐದು.

ಕೆರೆದಂಡೆ (ಗದಗ):

ನನಗೆ ಅಚ್ಚಿನ ಕೆಲಸ ಗೊತ್ತಿಲ್ಲ, ಪ್ರಶ್ನೆಯ ಎರಡನೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಕ್ರಿಸ್ಮಸ್ ಪತ್ರಗಳಿಗೆ ಹಿಮ ಮತ್ತು ಕೆಂಪೆದೆಯ ರಾಬಿನ್ ಹಕ್ಕಿಯ ಚಿತ್ರ ಬರೆದವರು ತಮ್ಮ ಕಿಟಕಿಯ ಹೊರಗಿದ್ದುದನ್ನೇ ಬರೆದರು. ಇಂಗ್ಲೆಂಡಿನಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ 1843ರಲ್ಲಿ ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಬರೆಸಿ ಅಚ್ಚು ಹಾಕಿಸಿದ ಕ್ರಿಸ್ಮಸ್ ಪತ್ರದಲ್ಲಿ ಮುಖ್ಯವಾಗಿ ಇದ್ದದ್ದು ಔತಣಕ್ಕೆ ಕುಳಿತ ಒಂದು ಕುಟುಂಬ. ಚಳಿಗಾಲದ ಹಕ್ಕಿಗಳು ಜನಪ್ರಿಯವಾದದ್ದು ಆಮೇಲೆ. ಆ ಕಾಲದ ಅಂಚೆಯವರು ಕೆಂಪು ಅಂಗಿ ತೊಡುತ್ತಿದ್ದುದರಿಂದ ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರಂತೆ, ಹಾಗಾಗಿ ಕೆಂಪೆದೆಯ ಹಕ್ಕಿ ಪತ್ರಗಳ ಮೇಲೆ ಬಂದು ಕೂತಿತು. ಅವರ ಹಕ್ಕಿಗೆ ಅವರ ಅಂಚೆಯವನ ನಂಟಿದೆ. ನಮಗೆ ಯಾವ ಹಕ್ಕಿ?

ನಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿಮಾಡುವ ಹಕ್ಕಿಗಳಿವು. ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಮರಳುವ ಗುಂಪುಗಳು ಆಕಾಶದಲ್ಲಿ ಓರೆ ಗೆರೆ ಎಳೆದಂತೆ ಬರುವುದನ್ನು ನೋಡಲು ನಾವು ಮಬ್ಬುಗತ್ತಲೆಯಲ್ಲೇ ಎದ್ದು ಹೋಗುತ್ತೇವೆ. ಬರೆಯುವುದಕ್ಕೂ ಸುಲಭದ ಹಕ್ಕಿ. ಬಿಳಿಯ ತಲೆ, ಹಿಂಬದಿಗೆ ಎರಡು ಕಪ್ಪು ಪಟ್ಟೆ, ಕಿತ್ತಳೆ–ಹಳದಿ ಕೊಕ್ಕು, ಬೂದು ಮೈ. ಕತ್ತಿನ ಬದಿಯಲ್ಲಿ ಉದ್ದಕ್ಕೆ ಇಳಿಯುವ ಬಿಳಿಯ ಗೆರೆಯೊಂದನ್ನು ಮರೆಯದೆ ಬರೆದರೆ ಹಕ್ಕಿ ಬಲ್ಲವರು ಕೂಡಲೇ ಗುರುತಿಸುತ್ತಾರೆ. ಹೊಸವರ್ಷದ ಹೊತ್ತಿಗೆ ಬಹುದೂರದಿಂದ ಬರುವ ಈ ಅತಿಥಿಗಿಂತ ಒಪ್ಪುವ ಚಿತ್ರ ನನಗಂತೂ ತೋಚದು. ಅಷ್ಟು ದೂರ ಬರಲಾಗದಿದ್ದರೆ, ಮೈಸೂರಿನ ಕೆರೆ ಏರಿಗಳ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕವೂ ಚಳಿಗಾಲದ ಹಕ್ಕಿಯೇ.

ಇನ್ನೊಂದು ಮಾತು. ನಿಮ್ಮ ಅತ್ತೆ ಧಾರವಾಡದವರೆಂದಿರಿ. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಎಲೆಯನ್ನು ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುತ್ತೇವೆ. ಎಲೆಯೇ ಶುಭಾಶಯ ಪತ್ರವಾಗಿರುವ ಊರಿಗೆ ನೀವು ದಾಸವಾಳ ಕಳುಹಿಸಿದ್ದೀರಿ. ಬನ್ನಿಯ ಕಿರಿದಾದ ಎಲೆಗಳ ಅಚ್ಚನ್ನು ಕಳುಹಿಸಿ ನೋಡಿ, ಅವರು ಒರೆಸದೆ ಇಟ್ಟುಕೊಳ್ಳುತ್ತಾರೆ.

ಅಂಗಳದ ತುಳಸಿ:

ಕೆರೆದಂಡೆಯವರೇ, ಕೊನೆಯ ಸಾಲನ್ನು ಅತ್ತೆಯವರಿಗೆ ಓದಿ ಹೇಳಿದೆ, ಅವರು ಬಹಳ ಹೊತ್ತು ನಕ್ಕರು. ಎಲ್ಲರ ಉತ್ತರಗಳಿಂದ ಎಲೆಯ ಅಚ್ಚೇ ಸರಿ ಎಂಬ ನಿರ್ಧಾರಕ್ಕೆ ಬಂದಿದ್ದೇನೆ. ಇನ್ನು ಬಣ್ಣದ ಪ್ರಶ್ನೆ ಉಳಿಯಿತು. ಡಬ್ಬಿಯ ಬಣ್ಣಗಳ ಬದಲಿಗೆ ಅರಿಶಿನ, ಬೀಟ್‌ರೂಟ್, ಬಸಳೆ ಹಣ್ಣುಗಳ ಬಣ್ಣವನ್ನೇ ಬಳಸಬಹುದೇ? ಅರಿಶಿನಕ್ಕೆ ಸುಣ್ಣ ಸೇರಿಸಿ ಪಡೆದ ಕೆಂಪು ಬಹಳ ಸುಂದರವಾಗಿ ಬಂದಿದೆ.

ಕೆಮ್ಮಣ್ಣು (ಸಾಗರ):

ಬೇಡ ಎಂದೇ ಹೇಳಬೇಕಾಗಿದೆ. ಬಸಳೆ ಹಣ್ಣು ಮತ್ತು ಬೀಟ್‌ರೂಟಿನ ಬಣ್ಣ ಮಕ್ಕಳಾಟಕ್ಕೆ ಚಂದ, ಬೆಳಕು ತಾಗಿದರೆ ಕೆಲವೇ ದಿನಗಳಲ್ಲಿ ಸಪ್ಪೆಯಾಗುತ್ತದೆ. ಅರಿಶಿನವೂ ಬಿಸಿಲಿಗೆ ಮಾಸುವಂಥದ್ದು. ಸುಣ್ಣದಿಂದ ಬಂದ ಕೆಂಪಂತೂ ಸುಣ್ಣದ ಕ್ಷಾರ ಇಳಿಯುತ್ತಿದ್ದಂತೆ ಮರಳಿ ಹಳದಿಯ ಕಡೆಗೆ ತಿರುಗುತ್ತದೆ. ಆರತಿಯ ತಟ್ಟೆಗೆ ಒಂದು ದಿನದ ಕೆಂಪು ಸಾಕು, ನಿಮಗೆ ಫೆಬ್ರವರಿಯವರೆಗೆ ಬೇಕಲ್ಲವೇ?

ಬಾಳುವ ಬಣ್ಣ ಕಾಲ ಕೆಳಗೇ ಇದೆ. ನಮ್ಮ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಷ್ಟನ್ನೇ ಬಳಸುತ್ತಾರೆ, ಕುಂಚವೂ ಪುಂಡಿಯ ನಾರಿನದು. ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಮಣ್ಣು ಬಳಿದು ಚಿತ್ತಾರ ಬಿಡಿಸಿ, ಅದರಲ್ಲಿ ಅಡುಗೆಯನ್ನು ಹೊಲಕ್ಕೆ ಹೊತ್ತೊಯ್ಯುತ್ತಾರೆ. ಒಂದು ವಿನಂತಿಯಿದೆ. ಆ ಚಿತ್ತಾರಗಳನ್ನೇ ಎತ್ತಿ ಪತ್ರದ ಮೂಲೆಗೆ ಅಲಂಕಾರವಾಗಿ ಅಂಟಿಸಬೇಡಿ. ಹಸೆ ಎಂಬುದು ಮದುವೆಯ ಗೋಡೆ, ಅದರ ಒಂದೊಂದು ಎಳೆಗೂ ಹೆಸರಿದೆ, ಹಾಡಿದೆ. ಅವರಿಂದ ಬಣ್ಣ ಮಾಡುವ ಬಗೆಯನ್ನು ಕಲಿತು, ಚಿತ್ರವನ್ನು ನಿಮ್ಮ ಅಂಗಳದಿಂದ ತೆಗೆದುಕೊಳ್ಳಿ.

ಮಣ್ಣನ್ನು ಬಣ್ಣವಾಗಿಸುವುದು ಹೀಗೆ. ಎರಡು ಹಿಡಿ ಕೆಂಪು ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಚೆನ್ನಾಗಿ ಕದಡಿ, ಒಂದು ನಿಮಿಷ ಸುಮ್ಮನಿರಿ. ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ತೆಳ್ಳನೆಯ ಬಟ್ಟೆಯ ಮೂಲಕ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ತಿಳಿನೀರನ್ನು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂತಹ ಕೆಸರು ಸಿಗುತ್ತದೆ. ಅದನ್ನು ತಟ್ಟೆಯಲ್ಲಿ ಒಣಗಿಸಿ ಪುಡಿಮಾಡಿ ಇಟ್ಟುಕೊಂಡರೆ ವರ್ಷಗಟ್ಟಲೆ ಇರುತ್ತದೆ. ಬಳಸುವಾಗ ನೀರಿನಲ್ಲಿ ನೆನೆಸಿ ಸೋಸಿದ ಜಾಲಿ ಮರದ ಅಂಟನ್ನು ಬೆರೆಸಿ ಕಲಸಬೇಕು. ಈ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನ ಬಣ್ಣ, ಬಿಸಿಲಿಗೆ ಬಾಡುವುದಿಲ್ಲ. ಕಪ್ಪು ಬೇಕಾದರೆ ಅಳಲೆಕಾಯಿಯ ಕಷಾಯಕ್ಕೆ ಚಿಟಿಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ, ಹಿಂದಿನವರು ಮಸಿ ಮಾಡುತ್ತಿದ್ದುದು ಹೀಗೆಯೇ. ಅನ್ನಭೇದಿ ಹೆಚ್ಚಾದರೆ ಮಸಿ ಮುಂದೆ ಕಾಗದವನ್ನೇ ತಿನ್ನುತ್ತದೆ, ಆದ್ದರಿಂದ ಚಿಟಿಕೆಯನ್ನು ಮೀರಬೇಡಿ.

ದಕ್ಷಿಣದ ಚುಕ್ಕಿ (ಮೆಲ್ಬರ್ನ್):

ತುಳಸಿಯವರ ತಮ್ಮನಿಗೆ ಪತ್ರ ತಲುಪದೇ ಇದ್ದುದರ ಬಗ್ಗೆ ಒಂದು ಸಂಭವವನ್ನು ಹೇಳಬಲ್ಲೆ. ಆಸ್ಟ್ರೇಲಿಯಾದಲ್ಲಿ ಸಸ್ಯರೋಗಗಳೂ ಕಳೆಗಳೂ ಒಳಬಾರದಂತೆ ಜೈವಿಕ ಭದ್ರತೆಯ ನಿಯಮಗಳು ಬಹಳ ಬಿಗಿ. ಹೊರದೇಶದಿಂದ ಬರುವ ಅಂಚೆಯನ್ನೂ ತಪಾಸಣೆ ಮಾಡುತ್ತಾರೆ, ಬೀಜ, ಹೂವು, ಎಲೆಗಳಿದ್ದರೆ ತಡೆಹಿಡಿಯುವುದುಂಟು, ನಾಶಮಾಡುವುದೂ ಉಂಟು. ಬೂಷ್ಟು ಹಿಡಿದ ದಾಸವಾಳವಿದ್ದ ಲಕೋಟೆಗೆ ಅದೇ ಗತಿಯಾಗಿರಬಹುದು. ನನ್ನ ತಾಯಿಯವರು ಒಮ್ಮೆ ಶುಭಾಶಯದ ಜೊತೆ ಎಳ್ಳುಬೆಲ್ಲದ ಸಣ್ಣ ಪೊಟ್ಟಣ ಕಳುಹಿಸಿದ್ದರು, ನನಗೆ ತಲುಪಿದ್ದು ಲಕೋಟೆ ಮತ್ತು ಒಂದು ಸೂಚನಾ ಚೀಟಿ. ಆದ್ದರಿಂದ ಇಲ್ಲಿಗೆ ಕಳುಹಿಸುವುದಾದರೆ ಅಚ್ಚು ಮಾತ್ರ ಇರಲಿ. ಹಾಗೆಂದು ಹಸಿ ಮಣ್ಣನ್ನು ದಪ್ಪಗೆ ಮೆತ್ತಿ ಕಳುಹಿಸಬೇಡಿ, ಮಣ್ಣಿನ ಬಗ್ಗೆಯೂ ಅಷ್ಟೇ ಬಿಗಿ. ತಮ್ಮನ ಪತ್ರಕ್ಕೆ ಡಬ್ಬಿಯ ಬಣ್ಣವೇ ಕ್ಷೇಮ.

ಇಲ್ಲಿ ಸಂಕ್ರಾಂತಿ ಬರುವುದು ಕಡುಬೇಸಿಗೆಯಲ್ಲಿ ಎಂಬುದು ಬೇರೆ ಮಾತು. ಊರಿನ ಚಳಿಯನ್ನು ನೆನಪಿಸುವಂತೆ ಅವರೆಕಾಯಿಯ ಒಂದು ಅಚ್ಚು ಬಂದರೂ ಸಾಕು, ಸೊಗಡನ್ನು ನಾವೇ ಊಹಿಸಿಕೊಳ್ಳುತ್ತೇವೆ.

ಅಂಗಳದ ತುಳಸಿ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮೊದಲ ಆರು ಪತ್ರಗಳನ್ನು ಮಾಡಿದೆ. ಅವರೆಕಾಯಿಯ ಸಲಹೆಯನ್ನು ಓದಿದ ಮೇಲೆ, ಹಿತಕಲು ಮಾಡಲು ನೆನೆಹಾಕಿದ್ದ ಕಾಳಿನ ಪಕ್ಕದಲ್ಲೇ ಬಿದ್ದಿದ್ದ ಸಿಪ್ಪೆಗಳನ್ನು ಎತ್ತಿಕೊಂಡೆ. ಕಾಯಿಯ ಒಂದು ಹೋಳನ್ನು ಚಪ್ಪಟೆಯಾಗಿಸಿ ಕೆಂಪು ಮಣ್ಣಿಗೆ ಅದ್ದಿ ಒತ್ತಿದಾಗ, ಕಾಳು ಕೂತಿದ್ದ ತಗ್ಗುಗಳೆಲ್ಲ ಬಿಳಿಯಾಗಿ ಉಳಿದು, ಅಂಚಿನ ನಾರು ಮಾತ್ರ ತೆಳ್ಳನೆಯ ಕೆಂಪು ಗೆರೆಯಾಗಿ ಮೂಡಿತು. ನೋಡಿದವರೆಲ್ಲ ದೋಣಿಯೆಂದರು, ನಮ್ಮ ಮನೆಯವರು ಹುಬ್ಬೆಂದರು. ಅಂಥ ನಾಲ್ಕು ಅಚ್ಚುಗಳನ್ನು ಓರೆಯಾಗಿ ಜೋಡಿಸಿದಾಗ ಕೆರೆದಂಡೆಯವರ ಹೆಬ್ಬಾತುಗಳ ಸಾಲೇ ನೆನಪಾಗಿ, ಒಂದೊಂದರ ತುದಿಗೂ ಅಳಲೆಕಾಯಿಯ ಮಸಿಯಿಂದ ಎರಡೆರಡು ಪಟ್ಟೆ ಎಳೆದೆ. ತಮ್ಮನಿಗೆ ಅದನ್ನೇ ಪೋಸ್ಟರ್ ಬಣ್ಣದಲ್ಲಿ ಮಾಡುತ್ತೇನೆ.

ಒಂದು ತೊಂದರೆ ಇದೆ. ಆರರಲ್ಲಿ ಎರಡು ಪತ್ರಗಳ ಮೇಲೆ ಕೈಯಾಡಿಸಿದರೆ ಮಣ್ಣು ಬೆರಳಿಗೆ ಹತ್ತುತ್ತಿದೆ, ಇನ್ನೊಂದರಲ್ಲಿ ಸಣ್ಣಗೆ ಬಿರುಕು ಬಿಟ್ಟಿದೆ. ಆ ಒಂದಕ್ಕೆ ಅತ್ತೆಯವರು ಕಳುಹಿಸಿದ ಧಾರವಾಡದ ಎರೆಮಣ್ಣನ್ನು ಬಳಸಿದ್ದೆ.

ಕೆಮ್ಮಣ್ಣು:

ಬೆರಳಿಗೆ ಹತ್ತಿದರೆ ಅಂಟು ಸಾಲದು ಎಂದರ್ಥ. ಕಲಸಿದ ಬಣ್ಣಕ್ಕೆ ಅಂಟಿನ ನೀರನ್ನು ಅರ್ಧ ಚಮಚದಂತೆ ಸೇರಿಸುತ್ತಾ, ಪ್ರತಿ ಬಾರಿಯೂ ಬೇರೆ ಕಾಗದದ ಮೇಲೆ ಗೆರೆ ಎಳೆದು ಒಣಗಿಸಿ ಉಜ್ಜಿ ನೋಡಿ. ಹತ್ತುವುದು ನಿಂತ ಕೂಡಲೇ ಸಾಕು ಮಾಡಿ, ಹೆಚ್ಚಾದರೆ ಮೇಲ್ಮೈ ಹೊಳೆಯತೊಡಗುತ್ತದೆ. ಎರೆಮಣ್ಣಿನ ಬಿರುಕಿಗೆ ಅಂಟು ಕಾರಣವಲ್ಲ. ಆ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಅದರಿಂದಲೇ. ಅದನ್ನು ಅಚ್ಚಿಗೆ ಬಳಸದೆ, ಬಹಳ ನೀರಾಗಿ ಮಾಡಿಕೊಂಡು ಹಿನ್ನೆಲೆಗೆ ತೆಳ್ಳಗೆ ಒಂದೇ ಸಲ ಬಳಿಯಿರಿ, ಮಳೆಮೋಡದಂತಹ ಬೂದು ಬರುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಕೆಂಪಿನ ಅಚ್ಚನ್ನು ಹಾಕಿ. ಬಿರುಕು ಬಿಟ್ಟ ಪತ್ರವನ್ನು ಎಸೆಯಬೇಡಿ, ಅತ್ತೆಯವರ ಊರಿನ ಹೊಲ ಹೇಗಿರುತ್ತದೆ ಎಂದು ಅವರಿಗೆ ಗೊತ್ತು, ಅದನ್ನು ಅವರಿಗೇ ಕಳುಹಿಸಿ.